ಸೊಸೆಯ ಸಾಕ್ಷಿ

ವೀಕ್ಷಣಾಲಯದಲ್ಲಿ ಎಲ್ಲರೂ ನನ್ನನ್ನು ಮೋಡದಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹೊಸದಾಗಿ ಸೇರಿದವರು ಇದೇನೋ ಪ್ರೀತಿಯ ಹೆಸರು ಎಂದುಕೊಂಡು ಊಟದ ಮೇಜಿನಲ್ಲಿ "ಮೋಡದಕ್ಕ, ಉಪ್ಪು ಈ ಕಡೆ ಕೊಡಿ" ಎನ್ನುತ್ತಾರೆ. ಕೊಡುತ್ತೇನೆ. ಡಬ್ಬಿಯನ್ನು ಸ್ವಲ್ಪ ಜೋರಾಗಿ ಇಡುತ್ತೇನೆ, ಅಷ್ಟೆ.

ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ಹದಿನಾರು ವರ್ಷದ ಹಿಂದೆ ಒಂದು ರಾತ್ರಿ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಕ್ಕೆ ನನಗೆ ಸಿಕ್ಕ ಬಿರುದು ಅದು.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಕ್ಷತ್ರಗಳ, ಕ್ಷುದ್ರಗ್ರಹಗಳ ಬೆಳಕು ಎಷ್ಟು ಹೆಚ್ಚಿತು, ಎಷ್ಟು ಕುಗ್ಗಿತು ಎಂದು ಅಳೆಯುವುದು. ನೆಲದ ಮೇಲೆ ಕೂತು ಅಳೆಯುವವರಿಗೆ ಒಂದು ದೊಡ್ಡ ತಾಪತ್ರಯವಿದೆ. ತಲೆ ಮೇಲಿನ ಗಾಳಿ ಗಳಿಗೆಗೊಂದು ಥರ ಇರುತ್ತದೆ. ಈಗ ಧೂಳು, ಇನ್ನೊಂದು ಗಳಿಗೆಗೆ ಮಂಜು. ಅದಕ್ಕೇ ಯಾವ ನಕ್ಷತ್ರವನ್ನೂ ಒಂಟಿಯಾಗಿ ಅಳೆಯುವುದಿಲ್ಲ. ಅದೇ ಚಿತ್ರದಲ್ಲಿ ಪಕ್ಕದಲ್ಲಿರುವ, ಬದಲಾಗದ ಇನ್ನೊಂದು ನಕ್ಷತ್ರವನ್ನು ಸಾಕ್ಷಿಯಾಗಿ ಹಿಡಿಯುತ್ತೇವೆ. ಸಾಕ್ಷಿಗಿಂತ ಇದು ಎಷ್ಟು ಕಮ್ಮಿ, ಎಷ್ಟು ಜಾಸ್ತಿ ಎಂದು ನೋಡುತ್ತೇವೆ. ಮಂಜು ಕವಿದರೆ ಇಬ್ಬರಿಗೂ ಕವಿಯಿತು, ನಡುವಿನ ವ್ಯತ್ಯಾಸ ಹಾಗೇ ಉಳಿಯಿತು. ಕಂಪ್ಯೂಟರಿನಲ್ಲಿ ಚಿತ್ರ ತೆರೆದು ಮೊದಲು ಯಾರನ್ನು ಅಳೆಯಬೇಕೋ ಅವರ ಮೇಲೆ ಒತ್ತಬೇಕು, ಆಮೇಲೆ ಸಾಕ್ಷಿಯ ಮೇಲೆ. ಉಳಿದದ್ದನ್ನು ಅದೇ ಲೆಕ್ಕ ಹಾಕುತ್ತದೆ.

ಗುಮ್ಮಟದ ಗಾಲಿಗಳಿಗೆ ಎಣ್ಣೆ ಬಿಡುವ ಮೇಸ್ತ್ರಿಗೆ ನಕ್ಷತ್ರಗಳ ಉದ್ದುದ್ದ ನಂಬರುಗಳೆಂದರೆ ಆಗದು. ಅವನು ಅವಕ್ಕೆಲ್ಲ ಮನೆಮಂದಿಯ ಹೆಸರಿಟ್ಟ, ಅದೇ ಎಲ್ಲರ ಬಾಯಲ್ಲೂ ನಿಂತಿತು. ಸಾಕ್ಷಿ ನಕ್ಷತ್ರ ಯಜಮಾನ. ಚಿತ್ರದ ನಡುವೆ ಕೂತು, ಕದಲದೆ ಬೆಳಗುವವನು. ಅವನ ಎಡಗಡೆ ಸೊಸೆ. ಯಾವುದೋ ಹಳೇ ಪಟ್ಟಿಯಲ್ಲಿ, ಇವಳ ಬೆಳಕು ಬದಲಾಗುವ ಅನುಮಾನವಿದೆ ಎಂದು ಬರೆಸಿಕೊಂಡವಳು. ವರ್ಷಗಟ್ಟಲೆ ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದುದು ಅವಳನ್ನೇ. ಬಲಗಡೆ, ಚಿತ್ರದ ತುತ್ತತುದಿಯ ಮೂಲೆಯಲ್ಲಿ ಪಕ್ಕದ್ಮನೆಯಾಕೆ. ಆ ಮೂಲೆಯಲ್ಲಿ ಕ್ಯಾಮೆರಾದ ಗಾಜಿನ ಮೇಲೆ ಕೂತ ಧೂಳಿನಿಂದ ಬಳೆಯಂಥ ಒಂದು ಕಲೆ ಬೀಳುತ್ತಿತ್ತು. ಹಾಗಾಗಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆ ರಾತ್ರಿ ಸೊಸೆ ಮಂಕಾದಳು. ಥಟ್ಟನೆ ಇಳಿದು, ಆಮೇಲೆ ಮುಕ್ಕಾಲು ಗಂಟೆ ಹಿಡಿದು ನಿಧಾನವಾಗಿ ಮೊದಲಿನಂತಾದಳು. ಮರುದಿನ ಸಭೆಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಸೊಸೆಗೊಬ್ಬ ಕಾಣದ ಜೊತೆಗಾರನಿದ್ದಾನೆ, ಅವನು ಅಡ್ಡ ಬಂದಿದ್ದಾನೆ ಎಂದೆ. ಆಗ ಎದುರು ಕುರ್ಚಿಯಲ್ಲಿದ್ದ ಸಹೋದ್ಯೋಗಿ, ನಾವು ದಶಮಾಂಶದವರು ಎನ್ನುವವರು, ಪೆನ್ನಿನ ಮುಚ್ಚಳ ಹಾಕಿದರು.

"ಅಡ್ಡ ಬಂದಿದ್ರೆ ಬಂದ ಹಾಗೇ ಹೋಗ್ಬೇಕಲ್ವಾ ಅಕ್ಕ? ಇದು ಓಡಿ ಬಂದು ತೆವಳ್ಕೊಂಡು ಹೋಗಿದೆ. ಮೋಡ ಇರ್ಬೇಕು ಬಿಡಿ."

ಎಲ್ಲರೂ ನಕ್ಕರು. ಮೋಡ ಇಬ್ಬರನ್ನೂ ಮುಚ್ಚಬೇಕಲ್ಲ, ಬೆರಳಗಲದಲ್ಲಿರುವ ಇಬ್ಬರಲ್ಲಿ ಒಬ್ಬಳನ್ನೇ ಮುಕ್ಕಾಲು ಗಂಟೆ ಮುಚ್ಚಿಕೊಂಡು ನಿಲ್ಲುವ ಮೋಡ ಯಾವ ಸೀಮೆಯದು ಎಂದು ಕೇಳಿದೆ. ಕೇಳಿಸಿಕೊಳ್ಳುವವರು ಯಾರು? ನಗುವ ಬಾಯಿಗೆ ಕಿವಿ ಇರುವುದಿಲ್ಲ. ಸಂಜೆ ಹೊತ್ತಿಗೆ ನಾನು ಮೋಡದಕ್ಕ ಆಗಿದ್ದೆ.

ದಶಮಾಂಶದವರ ಬಗ್ಗೆಯೂ ಒಂದು ಮಾತು. ಕೆಟ್ಟವರಲ್ಲ. ನನಗಿಂತ ಎರಡು ವರ್ಷ ಚಿಕ್ಕವರು, ಈಗ ನಮ್ಮ ಮುಖ್ಯಸ್ಥರು. ಯಾವುದನ್ನೂ ಮೂರನೇ ದಶಮಾಂಶದವರೆಗೆ ಹೇಳದೆ ಬಿಡುವವರಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದರೆ "ಒಂದೂವರೆ ಚಮಚಕ್ಕೆ ಚೂರು ಕಮ್ಮಿ" ಎನ್ನುತ್ತಾರೆ. ಯಜಮಾನನನ್ನು ಸಾಕ್ಷಿಯಾಗಿ ಆರಿಸಿದವರು ಅವರೇ. ಆ ಭಾಗದಲ್ಲಿ ಹಾದುಹೋದ ಕ್ಷುದ್ರಗ್ರಹಗಳು ಎಷ್ಟು ಹೊತ್ತಿಗೆ ಒಂದು ಸುತ್ತು ತಿರುಗುತ್ತವೆ ಎಂದು ಅವರು ಕಂಡುಹಿಡಿದದ್ದೂ ಯಜಮಾನನ ಪಕ್ಕದಲ್ಲಿಟ್ಟು ತೂಗಿಯೇ. ಅವರ ಇಡೀ ಹೆಸರು ನಿಂತಿರುವುದು ಆ ಒಂದು ನಕ್ಷತ್ರದ ಹೆಗಲ ಮೇಲೆ.

ಈ ವರ್ಷ, ನನ್ನ ನಿವೃತ್ತಿಯ ತಿಂಗಳಲ್ಲಿ, ನಮ್ಮ ಹಳೆಯ ಅಳತೆಗಳನ್ನೆಲ್ಲ ಜಗತ್ತಿಗೆ ತೆರೆದಿಡಬೇಕೆಂದು ತೀರ್ಮಾನವಾಯಿತು. ಪ್ರತಿ ರಾತ್ರಿಗೂ ಒಂದು ಗುರುತು: ಒಳ್ಳೆಯದು, ಮೋಡ, ಯಂತ್ರದೋಷ. ಒಳ್ಳೆಯದನ್ನು ಬಿಟ್ಟು ಉಳಿದದ್ದನ್ನು ಯಾರೂ ಇನ್ನು ಮುಟ್ಟುವುದಿಲ್ಲ. ನನ್ನ ರಾತ್ರಿಯನ್ನು ಹುಡುಕಿದೆ. ಮೋಡ ಎಂದಿತ್ತು.

ನೆತ್ತಿಗೇರಿತು. ಬದುಕಿರುವಾಗ ಅಡ್ಡಹೆಸರು, ಅದನ್ನು ಹೇಗೋ ನುಂಗಿಕೊಂಡೆ. ನಾನು ಹೋದ ಮೇಲೂ ಆ ರಾತ್ರಿಯ ಹಣೆಯ ಮೇಲೆ ಅದೇ ಸುಳ್ಳು ಇರಬೇಕೇ? ಸೀದಾ ಅವರ ಕೋಣೆಗೆ ಹೋದೆ.

"ಆ ರಾತ್ರಿಗೆ ಮೋಡ ಅಂತ ಹಾಕಿದ್ದೀರಿ."

"ಹಾಕಿದ್ದೀನಿ."

"ತೆಗೀರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಅಕ್ಕ, ಇನ್ನು ನಾಲ್ಕು ದಿನಕ್ಕೆ ನೆಮ್ಮದಿಯಾಗಿ ಮನೇಲಿರ್ತೀರಿ. ಒಂದು ರಾತ್ರಿಗೋಸ್ಕರ ಯಾಕೆ ಇಷ್ಟು ರಂಪ?"

"ನೆಮ್ಮದಿಗೆ ಬಂದಿಲ್ಲ ನಾನು, ಗುರುತು ತೆಗೆಸೋಕೆ ಬಂದಿದ್ದೀನಿ."

"ಮೋಡ ಅಲ್ಲ ಅಂದ್ರೆ ಏನು ಅಂತ ಹೇಳಿ. ಅದಾದ್ಮೇಲೆ ಸೊಸೆ ಒಂದೇ ಒಂದು ಒಳ್ಳೆ ರಾತ್ರಿಯಾದ್ರೂ ಹಾಗೆ ಮಂಕಾಗಿದ್ದಾಳಾ? ತೋರಿಸಿ. ಶುಕ್ರವಾರ ಸಭೆ ಇದೆ. ಅಲ್ಲಿವರೆಗೂ ಬಿಡ್ತೀನಿ, ಆಮೇಲೆ ಬೀಗ ಹಾಕ್ತೀನಿ."

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ನನ್ನ ಮೊಲಕ್ಕೂ ಅಷ್ಟೇ ಕಾಲು ಎಂದು ಅವರಿಗೆ ಗೊತ್ತಿರಬೇಕಿತ್ತು.

ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಎಸೆದ ಸದ್ದಿಗೇ ಅಮ್ಮನಿಗೆ ತಿಳಿಯಿತು. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ಮತ್ತೆ ಮೋಡಾನಾ?" ಎಂದಳು.

"ಮತ್ತೆ ಮೋಡಾನೇ."

"ಆವತ್ತು ಮೋಡ ಇರ್ಲಿಲ್ಲ. ನನ್ನ ಬಟ್ಟೆ ಬೆಳಗಾನ ಹೊರಗೇ ಇತ್ತು."

"ಹದಿನಾರು ವರ್ಷದ ಹಿಂದಿನ ಬಟ್ಟೆ ನಿಂಗೆ ನೆನಪಿದ್ಯಾ?"

"ಹೇಗೆ ಮರೀಲಿ? ನನ್ನ ಹೊಸ ಬಿಳಿ ಬೆಡ್‌ಶೀಟು ನೀನು ಎತ್ಕೊಂಡು ಹೋಗಿದ್ದೆ. ಆ ಟೆಲಿಸ್ಕೋಪಿನ ಮೂತಿಗೆ ಕಟ್ಟೋಕೆ. ಅವತ್ತಿಂದ ಒಂದಾದ್ರೂ ಬೆಡ್‌ಶೀಟಿಗೆ ನಾಲ್ಕು ಮೂಲೆ ನೆಟ್ಟಗಿದ್ಯಾ ಈ ಮನೇಲಿ?"

ನಾನು ಅವಳ ಕೈಯಲ್ಲಿದ್ದ ಬಟ್ಟೆಯನ್ನೇ ನೋಡಿದೆ. ಹೌದು, ಬೆಡ್‌ಶೀಟು. ಕೆಲಸವಿದ್ದ ಪ್ರತಿ ಮುಸ್ಸಂಜೆ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಅದರ ಮೂಲಕ ಬರುವ ಸಂಜೆ ಬೆಳಕಿನ ಒಂದು ಚಿತ್ರ ತೆಗೆಯುತ್ತಿದ್ದೆ. ಬಿಳಿ ಚಿತ್ರ ಎನ್ನುತ್ತೇವೆ. ಅದರಲ್ಲಿ ನಕ್ಷತ್ರವಿರುವುದಿಲ್ಲ, ಗಾಜಿನ ಮೇಲಿನ ಧೂಳು, ಕಲೆ ಮಾತ್ರ ಇರುತ್ತದೆ. ರಾತ್ರಿಯ ಚಿತ್ರವನ್ನು ಅದರಿಂದ ಭಾಗಿಸಿದರೆ ಕಲೆ ಅಳಿಸಿಹೋಗುತ್ತದೆ. ಧೂಳು ದಿನಾ ಚೂರು ಚೂರು ಸರಿಯುವುದರಿಂದ ಆಯಾ ಸಂಜೆಯದ್ದೇ ಆಗಬೇಕು. ಮಿಕ್ಕವರು ನೆನಪಾದಾಗ ತಿಂಗಳಿಗೊಂದು ತೆಗೆಯುತ್ತಿದ್ದರು. ಕಲೆ ಬೀಳದ ಸೊಸೆ, ಯಜಮಾನ ಇಬ್ಬರನ್ನು ಅಳೆಯಲು ಅಷ್ಟು ಸಾಕಿತ್ತು. "ಅಕ್ಕ ಬಟ್ಟೆ ಒಣಗಿಸೋಕೆ ಬಂದ್ರು" ಎಂದು ದಶಮಾಂಶದವರು ನಗುತ್ತಿದ್ದರು.

ಆ ಸಂಜೆಯ ಬಿಳಿ ಚಿತ್ರ ಇದೆ. ಅಂದರೆ ಮೂಲೆಯ ಬಳೆ ಕಲೆಯನ್ನು ಅಳಿಸಬಹುದು. ಅಂದರೆ ಪಕ್ಕದ್ಮನೆಯಾಕೆಯನ್ನು ಕೇಳಬಹುದು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ ಎಂದು ಹಣೆ ಚಚ್ಚಿಕೊಂಡೆ. ಅಮ್ಮ ಬೆಡ್‌ಶೀಟನ್ನು ಬೆನ್ನ ಹಿಂದೆ ಅಡಗಿಸಿದಳು.

ಮರುದಿನ ಬೆಳಿಗ್ಗೆ ಹಳೆಯ ಚಿತ್ರಗಳನ್ನು ತೆರೆದೆ. ನನ್ನ ಯೋಚನೆ ಸರಳವಾಗಿತ್ತು. ಪಕ್ಕದ್ಮನೆಯಾಕೆ ಯಜಮಾನನ ಹಾಗೇ ಕದಲದೆ ಇದ್ದಿದ್ದರೆ, ಸೊಸೆಯೊಬ್ಬಳೇ ಮಂಕಾದದ್ದು ಖಾತ್ರಿ. ಇಬ್ಬರು ಸಾಕ್ಷಿಗಳ ಮುಂದೆ ಮೋಡದ ಮಾತು ನಿಲ್ಲುವುದಿಲ್ಲ. ಬಿಳಿ ಚಿತ್ರದಿಂದ ಭಾಗಿಸಿದೆ, ಮೂಲೆಯ ಕಲೆ ಮಾಯವಾಯಿತು. ಪಕ್ಕದ್ಮನೆಯಾಕೆಯ ಮೇಲೆ ಒತ್ತಿ, ಆಮೇಲೆ ಯಜಮಾನನ ಮೇಲೆ ಒತ್ತಿದೆ.

ಅವಳೂ ಇಳಿದಿದ್ದಳು.

ಥಟ್ಟನೆ ಇಳಿದು, ನಿಧಾನವಾಗಿ ಏರಿ, ಸೊಸೆ ಇಳಿದಷ್ಟೇ, ಅದೇ ಗಳಿಗೆಗೆ. ಇಬ್ಬರು ಒಟ್ಟಿಗೆ ಮಂಕಾದರೆ ಅದಕ್ಕೆ ಏನೆನ್ನುತ್ತಾರೆ? ಮೋಡ ಎನ್ನುತ್ತಾರೆ. ಹದಿನಾರು ವರ್ಷ ಜಗಳವಾಡಿ, ಕೊನೆಗೆ ಅವರ ಕೈಗೆ ದೊಣ್ಣೆ ನಾನೇ ಕೊಟ್ಟ ಹಾಗಾಯಿತು. ಎದ್ದು ಕಿಟಕಿ ಬಳಿ ನಿಂತೆ. ಹೊರಗೆ ಮೇಸ್ತ್ರಿ ಏಣಿ ಮೇಲೆ ಕೂತು ಗುಮ್ಮಟದ ಹಳಿಯನ್ನು ಉಜ್ಜುತ್ತಿದ್ದ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ, ಅದೂ ನನ್ನನ್ನು ಅಣಕಿಸಿದಂತೆ ಕಂಡಿತು.

ಅಲ್ಲಿ ನಿಂತಾಗಲೇ ಹೊಳೆಯಿತು. ಸೊಸೆ ಎಡಕ್ಕೆ, ಪಕ್ಕದ್ಮನೆಯಾಕೆ ಬಲಕ್ಕೆ. ನಡುವೆ ಯಜಮಾನ. ಎಡ ಬಲ ಎರಡನ್ನೂ ಮುಚ್ಚಿ, ನಡುವೆ ಕೂತವನೊಬ್ಬನನ್ನು ಮಾತ್ರ ಬಿಡುವ ಮೋಡ?

ಬಂದು ಕೂತೆ. ಈ ಸಲ ಯಜಮಾನನನ್ನು ಬಿಟ್ಟೆ. ಪಕ್ಕದ್ಮನೆಯಾಕೆಯ ಮೇಲೆ ಒತ್ತಿದೆ, ಸಾಕ್ಷಿಗೆ ಸೊಸೆಯ ಮೇಲೆ ಒತ್ತಿದೆ. ಹಾಗೆ ಒತ್ತಿದವರು ನಮ್ಮಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಪರದೆಯ ಮೇಲೆ ಗೆರೆ ಬಂತು. ಈ ತುದಿಯಿಂದ ಆ ತುದಿಗೆ ನೆಟ್ಟಗೆ, ಒಂದು ಕೊಂಕಿಲ್ಲದೆ.

ಹೆಂಗಸರಿಬ್ಬರೂ ಇದ್ದ ಜಾಗದಲ್ಲೇ, ಇದ್ದ ಹಾಗೇ ಇದ್ದರು. ಉರಿದೆದ್ದವನು ಯಜಮಾನ. ಥಟ್ಟನೆ ಭುಗಿಲೆದ್ದು, ನಿಧಾನವಾಗಿ ತಣ್ಣಗಾಗಿದ್ದ. ಅಂಥ ನಕ್ಷತ್ರಗಳುಂಟು. ಅವನನ್ನು ಅಳತೆಗೋಲು ಮಾಡಿಕೊಂಡಿದ್ದರಿಂದ ಅವನು ಏರಿದ್ದು ನಮಗೆ ಉಳಿದವರು ಇಳಿದಂತೆ ಕಂಡಿತ್ತು.

ಖುಷಿಯಾಯಿತೇ ಎಂದು ಕೇಳಬೇಡಿ. ಮೊದಲು ಸೊಸೆಯ ಬಗ್ಗೆ ಕೆಡುಕೆನಿಸಿತು. ನಾನೂ ಹದಿನಾರು ವರ್ಷ ಅವಳ ಕಡೆಗೇ ಬೆರಳು ತೋರಿಸಿ, ಇವಳೇ ಮಂಕಾದವಳು, ಇವಳಿಗೇ ಯಾರೋ ಇದ್ದಾನೆ ಎಂದು ಕಂಡಕಂಡವರಿಗೆ ಹೇಳಿದ್ದೆ. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ, ಮೋಡ ಎಂದು ಗುರುತು ಬಿದ್ದ ರಾತ್ರಿಗಳನ್ನೆಲ್ಲ ತೆಗೆದೆ. ನನ್ನ ಸರದಿಯ ರಾತ್ರಿಗಳಿಗೆ ಬಿಳಿ ಚಿತ್ರವಿತ್ತು. ಅಂಥ ಇನ್ನೆರಡು ರಾತ್ರಿ ಯಜಮಾನ ಇದೇ ಆಟ ಆಡಿದ್ದ. ಅದರಲ್ಲೊಂದಕ್ಕೆ, ಕ್ಷುದ್ರಗ್ರಹ ಅಳೆಯುವ ಅವಸರದಲ್ಲಿ ಸೊಸೆಯನ್ನು ನೋಡದೆ, ಮೋಡ ಎಂದು ಹಾಕಿದ್ದು ನನ್ನದೇ ಕೈ. ಒಳ್ಳೆ ರಾತ್ರಿ ಒಂದಾದರೂ ತೋರಿಸಿ ಎಂದಿದ್ದರಲ್ಲ ಅವರು. ಹಾಗೆ ಆದ ರಾತ್ರಿಗೆಲ್ಲ ಮೋಡ ಎಂದು ಹೆಸರಿಟ್ಟರೆ ಒಳ್ಳೆ ರಾತ್ರಿಯಲ್ಲಿ ಹೇಗೆ ಆದೀತು?

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು.

"ಹಾಗಾದ್ರೆ ನೀನು ಹೇಳಿದ್ದೂ ತಪ್ಪಾಯ್ತಲ್ಲ?"

"ಆಯ್ತು."

"ಸುಮ್ನೆ ಮೋಡ ತೆಗೆಸ್ಕೊಂಡು ಬಂದ್ಬಿಡು. ಯಜಮಾನನ ವಿಷಯ ಬಾಯಿ ಬಿಡ್ಬೇಡ. ನಿನ್ನ ಮರ್ಯಾದೇನೂ ಉಳೀತದೆ, ಅವರದೂ ಉಳೀತದೆ."

"ಸೊಸೆದು?"

ಅಮ್ಮ ತುತ್ತು ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದಳು. "ನಿಂಗೆ ನಾನು ಹೇಳಿದ್ದು ಯಾವತ್ತು ಕೇಳಿದ್ದೀಯ? ಹೋಗು, ಹೇಳಿ ಬಾ," ಎಂದಳು.

ಶುಕ್ರವಾರ ಸಭೆಯಲ್ಲಿ ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದೆ. ಮೂರು ಗೆರೆ, ಮೂರು ಮಾತು. ದಶಮಾಂಶದವರ ಮುಖದಲ್ಲಿ ರಕ್ತ ಇಳಿದದ್ದು ಕಂಡಿತು. ಆದರೂ ಅವರು ಅವರೇ.

"ಅಂದ್ರೆ ನೀವು ಹೇಳಿದ್ದು ತಪ್ಪು. ಸೊಸೆ ಮಂಕಾಗ್ಲಿಲ್ಲ."

"ಮಂಕಾಗ್ಲಿಲ್ಲ. ನಾನು ಹೇಳಿದ್ದು ತಪ್ಪು. ಅದನ್ನೂ ಬರೆದುಕೊಳ್ಳಿ. ನೀವು ಮೋಡ ಅಂದಿದ್ದೂ ತಪ್ಪು, ಅದನ್ನೂ ಬರೆದುಕೊಳ್ಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಿದ್ದೀವಿ, ಇಬ್ರೂ ಸೇರಿ."

ಯಾರೋ ಕೆಮ್ಮಿದರು.

"ಒಂದು ಕೆಲಸ ಮಾಡೋಣ," ಎಂದರು ಅವರು. ದನಿ ತಗ್ಗಿತ್ತು. "ಮೋಡ ತೆಗೀತೀನಿ. ಯಂತ್ರದೋಷ ಅಂತ ಹಾಕೋಣ. ಯಾರಿಗೂ ನೋವಿಲ್ಲ."

"ಯಂತ್ರಕ್ಕೆ ನೋವಿದೆ. ಅದು ಅವತ್ತು ನಮ್ಮೆಲ್ಲರಿಗಿಂತ ಸರಿಯಾಗಿ ಕೆಲಸ ಮಾಡಿದೆ. ಇಷ್ಟು ವರ್ಷ ಮೋಡದ ತಲೆ ಮೇಲೆ ಗೂಬೆ ಕೂರಿಸಿದ್ರಿ, ಈಗ ಅದನ್ನ ಎತ್ತಿ ಯಂತ್ರದ ತಲೆ ಮೇಲೆ ಇಡ್ತೀರಾ? ಅದು ಒಳ್ಳೆ ರಾತ್ರಿ. ಒಳ್ಳೆಯದು ಅಂತ ಹಾಕಿ."

"ಅಕ್ಕ, ಹಾಗೆ ಹಾಕಿದ್ರೆ ಏನಾಗುತ್ತೆ ಗೊತ್ತಾ ನಿಮಗೆ?" ಅವರು ಮೇಜಿನ ಮೇಲೆ ಎರಡೂ ಕೈ ಊರಿದರು. "ನನ್ನ ಒಂದೊಂದು ಕ್ಷುದ್ರಗ್ರಹಾನೂ ಮತ್ತೆ ಮೊದಲಿಂದ ತೂಗ್ಬೇಕು. ನೀವು ತಿಂಗಳ ಕೊನೆಗೆ ಎದ್ದು ಹೋಗ್ತೀರಿ. ಕೂತು ಮಾಡೋರು ಯಾರು?"

"ನಾನು ಮಾಡ್ತೀನಿ. ಸಂಬಳ ನಿಲ್ಲಿಸಿ, ಕುರ್ಚಿ ಕಿತ್ಕೊಳ್ಳಿ, ಮನೆಯಿಂದ ಇನ್ನೊಂದು ತರ್ತೀನಿ. ಗುರುತು ಬದಲಾಗೋವರೆಗೂ ನಾನು ಈ ವೀಕ್ಷಣಾಲಯದ ಬಾಗಿಲು ದಾಟಲ್ಲ."

ಸಭೆ ಮುಗಿಯಿತು ಎಂದು ಅವರು ಎದ್ದರು. ಎಲ್ಲರೂ ನನ್ನನ್ನು ಸುತ್ತಿಕೊಂಡು ಹೊರಗೆ ಹೋದರು, ದಾರಿಯಲ್ಲಿ ನಿಲ್ಲಿಸಿದ ಗಾಡಿಯನ್ನು ಸುತ್ತಿ ಹೋಗುವಂತೆ. ನಾನು ಕುರ್ಚಿಯನ್ನು ಎಳೆದುಕೊಂಡು ಹೋಗಿ ಮುಖ್ಯಸ್ಥರ ಕೋಣೆಯ ಹೊಸ್ತಿಲಲ್ಲಿ ಹಾಕಿ ಕೂತೆ. ಒಳಗೆ ಅವರು ಕಂಪ್ಯೂಟರ್ ಮುಂದೆ ಕೂತರು. ನನಗೆ ಅವರ ಬೆನ್ನು ಕಾಣುತ್ತಿತ್ತು. ಮೇಸ್ತ್ರಿ ಬಂದು ಕಾಫಿ ಕೊಟ್ಟು, "ಏನಕ್ಕ, ಬಾಗಿಲಿಗೆ ಎಣ್ಣೆ ಬಿಡ್ಲಾ?" ಎಂದು ಕೇಳಿ ಹೋದ. ಮಧ್ಯಾಹ್ನವೆಲ್ಲ ಒಳಗಿನಿಂದ ಕೀಲಿಗಳನ್ನು ಒತ್ತುವ ಸದ್ದು ಬರುತ್ತಿತ್ತು. ನನ್ನ ಚಿತ್ರಗಳನ್ನು ಅವರು ಸ್ವತಃ ಅಳೆಯುತ್ತಿದ್ದರು. ಇನ್ನೊಬ್ಬರ ಅಳತೆಯನ್ನು ಹಾಗೇ ನಂಬುವ ಜಾತಿಯಲ್ಲ ಅವರದು, ಅದಕ್ಕಾದರೂ ಅವರ ಮೇಲೆ ನನಗೆ ಗೌರವವಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು.

"ಸರಿ ಇದೆ," ಎಂದರು. "ಮೂರನೇ ದಶಮಾಂಶದವರೆಗೂ ಸರಿ ಇದೆ."

ನಾನು ಏಳಲಿಲ್ಲ.

"ನನ್ನ ರಾತ್ರಿಗಳಲ್ಲೂ ಮೋಡ ಅಂತ ಹಾಕಿದ್ದು ಬೇಕಾದಷ್ಟಿದೆ. ಅವನ್ನೂ ನೋಡಿದೆ. ಮೂಲೇಲಿ ಬಳೆ ಕಲೆ ಬಿದ್ದಿದೆ, ಪಕ್ಕದ್ಮನೆಯಾಕೆ ಸರಿಯಾಗಿ ಸಿಗ್ತಿಲ್ಲ. ಆ ಸಂಜೆಗಳ ಬಿಳಿ ಚಿತ್ರ ಎಲ್ಲಿಟ್ಟಿದ್ದೀರಿ?"

"ಇಲ್ಲ."

"ಇಲ್ಲ ಅಂದ್ರೆ?"

"ನಿಮ್ಮ ರಾತ್ರಿಗೆ ನೀವು ತೆಗೀಬೇಕಿತ್ತು. ಬಟ್ಟೆ ಒಣಗಿಸೋ ಕೆಲಸ ಅಂದ್ರಿ."

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಸೊಸೆ, ಯಜಮಾನ ಇಬ್ಬರಲ್ಲಿ ಬದಲಾದವರು ಯಾರೆಂದು ಹೇಳುವ ಮೂರನೆಯವಳಿಲ್ಲದೆ, ಜೀವಮಾನದ ಕೆಲಸದಲ್ಲಿ ಯಾವುದು ಕ್ಷುದ್ರಗ್ರಹದ ಏರಿಳಿತ, ಯಾವುದು ಯಜಮಾನನದು ಎಂದು ಹೇಳಲು ಈಗ ಅವರ ಬಳಿ ಏನೂ ಇರಲಿಲ್ಲ. ಈ ಗಳಿಗೆಗಾಗಿ ಎಷ್ಟು ವರ್ಷ ಹಲ್ಲು ಕಚ್ಚಿ ಕಾದಿದ್ದೆನೋ. ಬಂದಾಗ ನಗು ಬರಲಿಲ್ಲ. ಮನುಷ್ಯ ಬಹಳ ದಣಿದಿದ್ದ.

ಒಳಗೆ ಹೋಗಿ ಅವರು ನನ್ನ ರಾತ್ರಿಯ ಗುರುತು ಬದಲಿಸಿದರು. ನಾನು ಹೊಸ್ತಿಲಿನಿಂದಲೇ ನೋಡಿದೆ. ಒಳ್ಳೆಯದು. ಆಮೇಲೆ ಉಳಿದೆರಡು. ಅದಾದ ಮೇಲೆ ನಾನು ಕುರ್ಚಿ ಬಿಟ್ಟು ಎದ್ದೆ. ಕಾಲು ಜೋಮು ಹಿಡಿದಿತ್ತು.

"ಇವತ್ತು ಆಕಾಶ ಚೆನ್ನಾಗಿದೆ," ಎಂದೆ. "ಬೆಡ್‌ಶೀಟು ಚೀಲದಲ್ಲಿದೆ."

"ತಂದೇ ಬಂದಿದ್ರಾ?"

"ಸೋತು ಹೋಗೋಕೆ ಬಂದಿರ್ಲಿಲ್ಲ."

ಗುಮ್ಮಟದಲ್ಲಿ ಏಣಿಯ ಒಂದು ಬದಿ ನಾನು, ಇನ್ನೊಂದು ಬದಿ ಅವರು. ಅಮ್ಮನ ಬೆಡ್‌ಶೀಟಿಗೆ ನಿಜಕ್ಕೂ ನೆಟ್ಟಗಿನ ಮೂಲೆಗಳಿರಲಿಲ್ಲ. ಅವರು ಬಟ್ಟೆಯನ್ನು ಎಳೆಯಬಾರದ ಕಡೆ ಎಳೆದು ಸುಕ್ಕು ಮಾಡಿದರು. "ಬಿಗಿ ಹಿಡೀರಿ, ಒಣಗಿಸೋಕೂ ಕಲೀಬೇಕು," ಎಂದೆ. ಕೆಳಗೆ ಮೇಸ್ತ್ರಿ ಕಿಸಕ್ಕೆಂದ. ದಶಮಾಂಶದವರು ಬಿಗಿ ಹಿಡಿದರು.

ಬಿಳಿ ಚಿತ್ರ ಮುಗಿದು, ಕತ್ತಲಾಗಿ, ಮೊದಲ ಚಿತ್ರ ಪರದೆಯ ಮೇಲೆ ಬಂತು. ಎಡಕ್ಕೆ ಸೊಸೆ, ನಡುವೆ ಯಜಮಾನ, ಮೂಲೆಯಲ್ಲಿ ಪಕ್ಕದ್ಮನೆಯಾಕೆ. ಅಭ್ಯಾಸ ಬಿಡುತ್ತದೆಯೇ? ದಶಮಾಂಶದವರು ಮೌಸಿನ ಬಾಣವನ್ನು ತೆಗೆದುಕೊಂಡು ಹೋಗಿ ಮೊದಲು ಸೊಸೆಯ ಮೇಲೆ ನಿಲ್ಲಿಸಿದರು.

"ಅಲ್ಲಿ ಅಲ್ಲ," ಎಂದೆ. "ಇವತ್ತು ಅಳತೆಗೆ ನಿಲ್ಲೋದು ಯಜಮಾನ."

ಅವರ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಬಾಣ ಸರಿದು ಯಜಮಾನನ ಮೇಲೆ ಬಂತು. ಒತ್ತಿದರು. ಸಾಕ್ಷಿ ಯಾರು ಎಂದು ಕಂಪ್ಯೂಟರ್ ಕೇಳಿತು.

ಅವರು ನನ್ನ ಮುಖ ನೋಡಿದರು. ನಾನು ಕೈ ಚಾಚಿ ಸೊಸೆಯ ಮೇಲೆ ಒತ್ತಿದೆ.